ಮಂಜುಳಾಳ ಹಲ್ಲು ಜರುಗದೆ ನಿಂತ ಐದು ತಿಂಗಳು

ನನ್ನ ಮೊಮ್ಮಗಳು ಮಂಜುಳಾಗೆ ವಾಚು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ! ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಪೋಸ್ಟ್‌ಮ್ಯಾನ್ ಕಾಗದ ತಂದುಕೊಟ್ಟ. ಉದ್ದನೆಯ ಲಕೋಟೆ, ಅದರ ಮೇಲೆ ಮಿಷನ್ನಿನಲ್ಲಿ ಹೊಡೆದ ಹೆಸರು. ನಮ್ಮ ಮನೆಯ ಹೆಣ್ಣುಮಗಳೊಬ್ಬಳ ಹೆಸರನ್ನು ಹಾಗೆ ಅಚ್ಚಾಗಿ ನೋಡಿದ್ದು ನಾನು ಇದೇ ಮೊದಲು. ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗೆ ಓಡಿದೆ. ಎದುರು ಮನೆಯ ಅಮ್ಮನಿಗೆ ನನಗೆ ಬರುವ ಅರೆಬರೆ ತಮಿಳಿನಲ್ಲಿ ಕೂಗಿ ಹೇಳಿದೆ, ಹಿಂದಿನ ಮನೆಯವರಿಗೆ ತೆಲುಗಿನಲ್ಲಿ ಹೇಳಿದೆ, ನಲ್ಲಿಯ ಹತ್ತಿರ ನಿಂತವರಿಗೆಲ್ಲ ಕನ್ನಡದಲ್ಲಿ ಹೇಳಿದೆ. ಮೂರು ಭಾಷೆಯಲ್ಲಿ ಹೇಳಿ ಮುಗಿಸಿದರೂ ಎದೆಯೊಳಗಿನ ಸಂತೋಷ ಮುಗಿಯಲಿಲ್ಲ.

ಇನ್ನೊಂದು ಮಾತಿದೆ. ಅದನ್ನೂ ಇವತ್ತೇ ಹೇಳಬೇಕು, ಇಲ್ಲದಿದ್ದರೆ ನಾನು ಹೇಳುವವನಲ್ಲ. ಆರು ವರ್ಷದ ಹಿಂದೆ, ಅವಳಿಗೆ ಹದಿಮೂರು ತುಂಬಿದಾಗ, ಆ ಮಗು ಈ ಮನೆಯಲ್ಲಿ ಸುಳ್ಳಿ ಅನ್ನಿಸಿಕೊಂಡಳು. ಅವಳು ಸುಳ್ಳು ಹೇಳಿರಲಿಲ್ಲ. ಹೇಳಿದವನು ನಾನು. ಅವಳು ಏಟು ತಿನ್ನುವಾಗ ಪಕ್ಕದಲ್ಲೇ ನಿಂತಿದ್ದೆ.

ನಾನು ಓದಿರುವುದು ಮೂರನೇ ಕ್ಲಾಸು. ತಪ್ಪು ಅಕ್ಷರ ಬಂದರೆ ಓದುವವರು ತಿದ್ದಿಕೊಳ್ಳಿ. ಆದರೆ ನಡೆದದ್ದರಲ್ಲಿ ತಿದ್ದುವಂಥದ್ದೇನನ್ನೂ ನಾನು ಬರೆಯುವುದಿಲ್ಲ.

ನಮ್ಮ ಊರು ಬೇರಿಕೆಯ ಹತ್ತಿರ. ರಾಗಿ, ಟೊಮೆಟೊ ಬೆಳೆಯುತ್ತಿದ್ದೆವು. ಸಂತೆಯ ದಿನ ನಾನು ನಮ್ಮ ಮೂಟೆಗಳ ಜೊತೆಗೆ ಬೇರೆಯವರ ಮೂಟೆಯನ್ನೂ ಹೊರುತ್ತಿದ್ದೆ. ಅಲ್ಲಿ ಟೀ ಅಂಗಡಿಯಲ್ಲಿ ಬನ್ನಿನ ಡಬ್ಬದ ಪಕ್ಕದಲ್ಲೇ ಒಂದು ಗಾಜಿನ ಜಾಡಿ, ಅದರ ತುಂಬ ತಲೆನೋವಿನ ಮಾತ್ರೆ. ಮೂಟೆ ಹೊರುವವರೆಲ್ಲ ಬೆಳಿಗ್ಗೆ ಒಂದು ಟೀ, ಒಂದು ಮಾತ್ರೆ. ತಲೆ ನೋಯಲಿ ಬಿಡಲಿ, ಮಾತ್ರೆ ಬಿದ್ದರೆ ಮೈ ಹಗುರ. ಅಂಗಡಿಯವನು ಕೇಳುತ್ತಲೂ ಇರಲಿಲ್ಲ, ಲೋಟದ ತಟ್ಟೆಯಲ್ಲೇ ಇಟ್ಟುಕೊಡುತ್ತಿದ್ದ. ಇಪ್ಪತ್ತೈದು ವರ್ಷ ನಾನು ಹಾಗೆ ನುಂಗಿದವನು. ಮಾತ್ರೆ ಎಂದರೆ ನನಗೆ ಔಷಧವೇ ಅಲ್ಲ, ಟೀಗೆ ಹಾಕುವ ಸಕ್ಕರೆಯ ಹಾಗೆ.

ಹೆಂಡತಿ ತೀರಿಕೊಂಡ ಮೇಲೆ ಮಗ ಕೃಷ್ಣಪ್ಪ ನನ್ನನ್ನು ಮೂಕಂಡಪಲ್ಲಿಗೆ ಕರೆದುಕೊಂಡು ಬಂದ, ತಮಿಳುನಾಡಿನ ಗಡಿಯ ಒಳಗೇ ಇರುವ ಫ್ಯಾಕ್ಟರಿಗಳ ಊರು. ಅವನು ಮೋಟಾರು ಫ್ಯಾಕ್ಟರಿಯ ಕೆಲಸಗಾರ. ಅವನ ಹೆಂಡತಿ ಸರೋಜ, ಒಬ್ಬಳೇ ಮಗಳು ಮಂಜುಳಾ. ಒಂದು ಸಲ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ನಾನು ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದನ್ನು ನೋಡಿ ಕೃಷ್ಣಪ್ಪ ಕೆಂಡವಾದ.

"ಅಪ್ಪಾ, ಇನ್ನೊಂದು ಸಲ ಈ ಮನೇಲಿ ಆ ಮಾತ್ರೆ ಕಾಣುಸ್ತು ಅಂದ್ರೆ ನಿನ್ನನ್ನ ಊರಿಗೆ, ದೊಡ್ಡಪ್ಪನ ಮನೇಗೆ ಬಸ್ ಹತ್ತುಸ್ಬುಡ್ತೀನಿ, ನೋಡ್ಕೊ."

ನಾನು ಬಿಡಲಿಲ್ಲ. ಒಳಗಿನ ಬನಿಯನ್ನಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡೆ.

ಮಂಜುಳಾಗೆ ಮೇಲಿನ ಹಲ್ಲುಗಳು ಮುಂದಕ್ಕೆ ಉಬ್ಬಿಕೊಂಡಿದ್ದವು. ಇಸ್ಕೂಲಿನಲ್ಲಿ ಹುಡುಗಿಯರು ತಮಿಳಿನಲ್ಲಿ 'ಎತ್ತುಪಲ್ಲಿ' ಎಂದು ಕರೆಯುತ್ತಿದ್ದರು, ಉಬ್ಬುಹಲ್ಲಿನವಳು ಅಂತ. ಬೆಂಗಳೂರಿನ ಹಲ್ಲಿನ ಆಸ್ಪತ್ರೆಯಲ್ಲಿ ತಂತಿ ಹಾಕಿ ಸರಿ ಮಾಡುತ್ತಾರೆ ಎಂದು ಫ್ಯಾಕ್ಟರಿಯಲ್ಲಿ ಯಾರೋ ಕೃಷ್ಣಪ್ಪನಿಗೆ ಹೇಳಿದರು. ಅವನಿಗೆ ಶಿಫ್ಟು. ತಿಂಗಳಿಗೊಂದು ಸಲ ಮಗುವನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ಎಷ್ಟು ಸಂತೋಷಪಟ್ಟೆ ಆಗ! ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಾನು. ಅತ್ತಿಬೆಲೆಯ ಗೇಟು ದಾಟುವಾಗ ಅವಳು ಪ್ರತಿಸಲವೂ ಕಾಲನ್ನು ಮುಂದಕ್ಕೆ ಚಾಚಿ, "ತಾತ, ನನ್ನ ಕಾಲು ಕರ್ನಾಟಕದಾಗೈತೆ, ನಿಂದಿನ್ನೂ ತಮಿಳ್ನಾಡಾಗೈತೆ" ಎಂದು ನಗುತ್ತಿದ್ದಳು. ಉಬ್ಬುಹಲ್ಲೆಲ್ಲ ಕಾಣುವ ಹಾಗೆ, ಬಾಯಿ ತುಂಬ.

ಆಸ್ಪತ್ರೆಯಲ್ಲಿ ಮೇಲಿನ ಸಾಲಿನಿಂದ ಎರಡು ಹಲ್ಲು ಕಿತ್ತು ಜಾಗ ಮಾಡಿದರು. ಉಳಿದವಕ್ಕೆ ತಂತಿ ಬಿಗಿದರು. ಮುಂದಿನ ಹಲ್ಲುಗಳು ಹಿಂದಕ್ಕೆ ಸರಿದು ಆ ಸಂದಿ ಮುಚ್ಚಬೇಕು. ಅದಕ್ಕೆ ಸಣ್ಣ ಸಣ್ಣ ರಬ್ಬರಿನ ಉಂಗುರ ಕೊಟ್ಟರು — ಮೇಲಿನ ಕೊಕ್ಕೆಗೂ ಕೆಳಗಿನ ಕೊಕ್ಕೆಗೂ ಸಿಕ್ಕಿಸಿಕೊಂಡು ಹಗಲೂ ರಾತ್ರಿ ಇರಬೇಕು, ದಿನಾ ಬೆಳಿಗ್ಗೆ ಹೊಸದು. ಮಂಜುಳಾ ಕನ್ನಡಿಯ ಮುಂದೆ ನಿಂತು ಹಳೆಯದನ್ನು ತೆಗೆದು ಹೊಸದನ್ನು ಸಿಕ್ಕಿಸುತ್ತಿದ್ದಳು. ನಾನು ಹಿಂದೆ ಮಣೆಯ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನವೂ ತಪ್ಪಿಸಿದವಳಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೆ — ಈ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ತಪ್ಪಿನ ಬುಡ ಇದೇ.

ತಂತಿ ಬಿಗಿದ ಮಾರನೆಯ ದಿನ ನೋವು ಶುರುವಾಯಿತು. ವಸಡು ಊದಿಕೊಂಡು ಕೆಂಪಾಯಿತು. ಅನ್ನದ ಅಗುಳು ಕೂಡ ಅಗಿಯಲಾರಳು. ಮುದ್ದೆಯನ್ನಾದರೆ ನುಂಗಬಹುದು, ಹಾಗಾಗಿ ಮುದ್ದೆ ತಿಂದುಕೊಂಡೇ ಇದ್ದಳು.

"ತಾತ, ಹಲ್ಲು ಜುಂ ಅಂತೈತೆ. ನಾಲ್ಗೆ ತಾಕುದ್ರೂ ಉರೀತೈತೆ."

ನನಗೆ ತಡೆಯಲಾಗಲಿಲ್ಲ. ಬನಿಯನ್ನಿನ ಜೇಬಿಗೆ ಕೈ ಹಾಕಿದೆ.

"ತಗಾ, ಅರ್ಧ ನುಂಗ್ಬುಡು. ನಿಮ್ಮಪ್ಪುಂಗೆ ಹೇಳ್ಬ್ಯಾಡ ಕಣವ್ವ."

ಗಂಟೆಯೊಳಗೆ ನೋವು ಇಳಿಯಿತು. ಊತವೂ ಇಳಿಯಿತು. ಮಗು ನಕ್ಕಳು. ನಾನೇ ದೊಡ್ಡ ಡಾಕ್ಟರು ಅನ್ನಿಸಿತು. ಆಮೇಲೆ ಅದೇ ರೂಢಿಯಾಯಿತು, ಇಸ್ಕೂಲಿಗೆ ಹೋಗುವ ಮೊದಲು ಅರ್ಧ, ಬಂದ ಮೇಲೆ ಅರ್ಧ. ನೋವಿದ್ದಾಗ ಮಾತ್ರವಲ್ಲ, ನೋವು ಬಾರದಿರಲಿ ಎಂದು ಇಲ್ಲದಾಗಲೂ. ಟೀ ಅಂಗಡಿಯ ಬುದ್ಧಿ — ಅದೊಂದೇ ಬುದ್ಧಿ ನನಗೆ ಗೊತ್ತಿದ್ದದ್ದು. ಹಾಗೆ ಐದು ತಿಂಗಳು.

ಐದನೆಯ ತಿಂಗಳು ಡಾಕ್ಟರಮ್ಮ ಸಣ್ಣ ಸ್ಕೇಲು ಇಟ್ಟು ಸಂದಿಯನ್ನು ಅಳೆದರು. ಮೊದಲ ದಿನ ತೆಗೆದಿಟ್ಟುಕೊಂಡಿದ್ದ ಪ್ಲಾಸ್ಟರಿನ ಅಚ್ಚನ್ನು ತಂದು ಅದನ್ನೂ ಅಳೆದರು. ಮತ್ತೆ ಬಾಯೊಳಗೆ ಅಳೆದರು. ಅವರ ಮುಖ ಸಪ್ಪಗಾಯಿತು.

"ಏನು ಮಂಜುಳಾ, ರಬ್ಬರ್ ಹಾಕ್ಕೋತಾ ಇದೀಯಾ?"

"ಹಾಕ್ಕೋತೀನಿ ಮೇಡಂ. ದಿನಾನೂ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ತಾತ, ನೋವಿಗೆ ಅಂತ ಮಗೂಗೆ ಮಾತ್ರೆ ಏನಾದ್ರೂ ಕೊಡ್ತಾ ಇದೀರಾ? ತಲೆನೋವಿನ ಮಾತ್ರೆ, ಮೈಕೈ ನೋವಿನ ಮಾತ್ರೆ — ಆ ಥರದ್ದು?"

"ಇಲ್ಲಮ್ಮ. ಒಂದೂ ಇಲ್ಲ."

ಅಷ್ಟೇ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಂದ ತಾನಾಗಿ ಬಿತ್ತು. ಮಂಜುಳಾ ಕುರ್ಚಿಯಲ್ಲಿ ಒರಗಿದ್ದವಳು ಬಾಯಿ ತೆರೆದುಕೊಂಡೇ ಕಣ್ಣು ಹೊರಳಿಸಿ ನನ್ನನ್ನು ನೋಡಿದಳು. ಆ ನೋಟ —

ಆಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಓದಿಲ್ಲದ ಮುದುಕನಿಗೆ ಯಾಕೆ ಎಂದುಕೊಳ್ಳಲಿಲ್ಲ, ಪಾಪ. ಪ್ಲಾಸ್ಟರಿನ ಅಚ್ಚಿನ ಮೇಲೆ ಬೆರಳಿಟ್ಟು ಹೇಳಿದರು.

"ಹಲ್ಲು ಅಂದ್ರೆ ಗೋಡೆಗೆ ಹೊಡೆದ ಮೊಳೆ ಅಲ್ಲ ತಾತ. ಹಲ್ಲಿಗೂ ಮೂಳೆಗೂ ನಡುವೆ ತೆಳ್ಳಗೆ ಒಂದು ನಾರಿನ ಪದರ ಇದೆ. ತಂತಿ ಎಳೆದಾಗ ಹಲ್ಲು ಒಂದು ಕಡೆ ಆ ಪದರಾನ ಒತ್ತತ್ತೆ, ಇನ್ನೊಂದು ಕಡೆ ಎಳೆಯತ್ತೆ. ಒತ್ತಿದ ಕಡೆ ರಕ್ತ ಸರಿಯಾಗಿ ಹರಿಯಲ್ಲ. ಆಗ ಮೈ ಏನು ಮಾಡತ್ತೆ? ಅಲ್ಲೇನೋ ಆಯ್ತು ಅಂತ ಉರಿ, ಊತ, ನೋವು ಎಬ್ಬಿಸತ್ತೆ. ಆ ಊತದಲ್ಲಿ ಒಂದು ರಸ ಹುಟ್ಟತ್ತೆ. ಆ ರಸವೇ ಮೂಳೆ ಕರಗಿಸೋ ಜೀವಕಣಗಳನ್ನ ಕರೆಯೋದು. ಅವು ಬಂದು ಹಲ್ಲಿನ ಮುಂದಿರೋ ಮೂಳೇನ ಸ್ವಲ್ಪ ಸ್ವಲ್ಪ ತಿಂದು ದಾರಿ ಬಿಡ್ತವೆ. ಹಿಂದೆ ಎಳೆದ ಕಡೆ ಬೇರೆ ಕಣಗಳು ಬಂದು ಹೊಸ ಮೂಳೆ ಕಟ್ತವೆ. ಹಲ್ಲು ಹೋಗೋದು ಹಾಗೆ."

"ಮಾತ್ರೆ ತಗೊಂಡ್ರೆ?" ಎಂದು ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಆ ಮಾತ್ರೆಗಳ ಕೆಲಸವೇ ಆ ರಸ ಹುಟ್ಟದ ಹಾಗೆ ಮಾಡೋದು. ಅದಕ್ಕೇ ನೋವು ಹೋಗೋದು. ಒಂದು ಸಲ, ಎರಡು ಸಲ ಆದ್ರೆ ಏನಿಲ್ಲ. ದಿನಾ ತಗೊಂಡ್ರೆ ಕರೆಯೋರೇ ಇಲ್ಲ, ಮೂಳೆ ಕರಗೋದು ನಿಧಾನ ಆಗತ್ತೆ, ಹಲ್ಲು ನಿಂತ ಕಡೆ ನಿಲ್ಲತ್ತೆ. ಇದೆಲ್ಲ ನಾವೂ ಈಚೆಗೆ ಓದ್ತಾ ಇರೋದು, ಪೂರ್ತಿ ಗೊತ್ತಿರೋ ವಿಷಯ ಅಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು."

ನನಗೆ ಅರ್ಥವಾಯಿತು. ಮೂರನೇ ಕ್ಲಾಸಿನವನಿಗೂ ಅರ್ಥವಾಯಿತು. ನಾನು ಇಳಿಸಿದೆ ಎಂದು ಹಿಗ್ಗಿದ್ದ ಊತವೇ ಆ ಮಗುವಿನ ಹಲ್ಲನ್ನು ಕರೆದುಕೊಂಡು ಹೋಗಬೇಕಾಗಿತ್ತು. ಆಗಲಾದರೂ — ಆಗಲಾದರೂ "ಅಮ್ಮಾ, ತಪ್ಪಾಯಿತು, ನಾನು ಕೊಟ್ಟೆ" ಅನ್ನಬಹುದಿತ್ತು. ಡಾಕ್ಟರಮ್ಮ ಬೈಯುತ್ತಿರಲೂ ಇಲ್ಲ. ಕೃಷ್ಣಪ್ಪನ ನೆನಪಾಯಿತು. ಊರಿನಲ್ಲಿ ಅಣ್ಣನ ಮನೆಯ ಜಗಲಿಯ ನೆನಪಾಯಿತು. ನೆಲ ನೋಡುತ್ತ ಕೂತೆ.

ಡಾಕ್ಟರಮ್ಮ ಚೀಟಿ ಬರೆದರು. ರಬ್ಬರು ಸರಿಯಾಗಿ ಹಾಕಿಕೊಳ್ಳುತ್ತಿರುವಂತೆ ಕಾಣುವುದಿಲ್ಲ, ಮನೆಯವರು ಗಮನಿಸಬೇಕು ಎಂದು. ಮಾತ್ರೆ ಇಲ್ಲ ಅಂದಮೇಲೆ ಅವರಾದರೂ ಇನ್ನೇನು ಬರೆದಾರು? ಆ ಚೀಟಿಯನ್ನು ಬರೆಸಿದವನು ನಾನು.

ವಾಪಸ್ಸು ಬಸ್ಸಿನಲ್ಲಿ ಮಂಜುಳಾ ಕಿಟಕಿಗೆ ಮುಖ ತಿರುಗಿಸಿ ಕೂತಳು. ಅತ್ತಿಬೆಲೆ ಬಂತು, ಹೋಯಿತು, ಕಾಲು ಚಾಚಲಿಲ್ಲ. ನಾನೇ ಮೆಲ್ಲಗೆ ಅಂದೆ — "ಮಾತ್ರೆ ವಿಷ್ಯ ನಿಮ್ಮಪ್ಪುನ್ಗೆ ಗೊತ್ತಾದ್ರೆ ತಾತನ್ನ ಊರಿಗೆ ಕಳುಸ್ಬುಡ್ತಾನೆ ಮಗಾ." ಹದಿಮೂರು ವರ್ಷದ ಮಗುವಿನ ಮೇಲೆ ಆ ಮೂಟೆ ಹೊರಿಸಿದೆ. ಅವಳು ತಲೆಯಾಡಿಸಿದಳು, ಅಷ್ಟೇ. ಚೀಟಿ ನನ್ನ ಜೇಬಿನಲ್ಲೇ ಇತ್ತು. ಹರಿದು ಕಿಟಕಿಯಿಂದ ಎಸೆಯಬಹುದಿತ್ತು. ಅದಕ್ಕೂ ಧೈರ್ಯವಿಲ್ಲ. ಮನೆಗೆ ಬಂದು ಕೃಷ್ಣಪ್ಪನ ಕೈಗೆ ಕೊಟ್ಟೆ.

ಅವನು ಎರಡು ಸಲ ಓದಿದ.

"ರಬ್ಬರ್ ಎಲ್ಲಿ ಬಿಸಾಕ್ತಿದ್ದೆ ಹೇಳು."

"ಬಿಸಾಕಿಲ್ಲಪ್ಪ. ಹಾಕ್ಕೊಂಡಿದ್ದೆ."

"ಡಾಕ್ಟ್ರು ಸುಳ್ಳು ಬರೀತಾರಾ? ನಾನು ಶಿಫ್ಟ್‌ನಾಗೆ ಸಾಯೋದು, ನೀನು ಇಲ್ಲಿ ಕಥೆ ಕಟ್ಟೋದಾ?"

"ದೇವ್ರಾಣೆ ಹಾಕ್ಕೊಂಡಿದ್ದೆ ಅಪ್ಪಾ."

ಕೆನ್ನೆಗೆ ಎರಡು ಬಿಟ್ಟ. ಒಳಗೆ ತಂತಿ ಇತ್ತಲ್ಲ — ಕೆನ್ನೆಯ ಒಳಭಾಗ ಹರಿಯಿತು. ಅವಳು ಬಚ್ಚಲಿಗೆ ಹೋಗಿ ಉಗುಳಿದಳು, ರಕ್ತ. ಸರೋಜ ನೀರು ತರಲು ಓಡಿದಳು. ನಾನು ಬಾಗಿಲ ಪಕ್ಕ ನಿಂತಿದ್ದೆ. ಮಂಜುಳಾ ಬಾಯಿ ಒರೆಸಿಕೊಂಡು ತಲೆಯೆತ್ತಿದಾಗ ನೇರ ನನ್ನನ್ನೇ ನೋಡಿದಳು. ದಿನಾ ಬೆಳಿಗ್ಗೆ ಅವಳ ಹಿಂದೆ ಕೂತು ನೋಡಿದ ಒಬ್ಬನೇ ಸಾಕ್ಷಿ ನಾನು. ಮಾತ್ರೆಯ ಸುದ್ದಿ ಎತ್ತದೆಯೂ "ಇವಳು ಹಾಕಿಕೊಳ್ಳುತ್ತಿದ್ದಳು ಕಣೋ, ನಾನು ನೋಡಿದೀನಿ" ಎಂದರೆ ಸಾಕಾಗಿತ್ತು. ಅದನ್ನೂ ಅನ್ನಲಿಲ್ಲ. ಒಂದು ಸುಳ್ಳಿನ ದಾರ ಎಳೆದರೆ ಇನ್ನೊಂದು ಬಿಚ್ಚೀತು ಎಂಬ ಭಯ.

ಅವಳೂ ಹೇಳಲಿಲ್ಲ.

ಮಾರನೆಯ ದಿನದಿಂದ ಮಾತ್ರೆ ನಿಲ್ಲಿಸಿದೆ. ನನ್ನದನ್ನೂ ನಿಲ್ಲಿಸಿದೆ, ಅದೇನೂ ದೊಡ್ಡದಲ್ಲ. ಮಂಜುಳಾ ನೋವು ತಿಂದಳು. ಊದಿದ ವಸಡಿಗೆ ಉಪ್ಪುನೀರು ಮುಕ್ಕಳಿಸಿಕೊಂಡು ಇಸ್ಕೂಲಿಗೆ ಹೋಗಿಬಂದಳು. ಮುಂದಿನ ತಿಂಗಳು ಡಾಕ್ಟರಮ್ಮ ಸ್ಕೇಲು ಇಟ್ಟರು — ಸಂದಿ ಕಿರಿದಾಗಿತ್ತು! ಅದರ ಮುಂದಿನ ತಿಂಗಳು ಇನ್ನೂ. ಹಲ್ಲು ನಡೆಯತೊಡಗಿತ್ತು.

ಮನೆಯಲ್ಲಿ ಅದರ ಕೀರ್ತಿ ಯಾವುದಕ್ಕೆ ಹೋಯಿತು ಗೊತ್ತೇ? ಏಟಿಗೆ.

"ನೋಡ್ದಾ ಅಪ್ಪಾ? ಎರಡು ಬಿಟ್ಟೆ, ಹಲ್ಲು ತಾನಾಗೇ ಜರುಗ್ತು" ಎಂದು ಕೃಷ್ಣಪ್ಪ ನನಗೇ ಹೇಳಿದ. ನಾನು "ಹ್ಞೂಂ" ಅಂದೆ. ಹ್ಞೂಂ ಅಂದೆ ನಾನು!

ಅಲ್ಲಿಂದ 'ರಬ್ಬರ್ ಕಥೆ' ಎಂಬುದು ಈ ಮನೆಯ ಮಾತಾಯಿತು. ಯಾರಾದರೂ ಸುಳ್ಳು ಹೇಳಿದರೆ ರಬ್ಬರ್ ಕಥೆ. ಹಾಲಿನವನು ನೀರು ಹಾಕಿಲ್ಲ ಅಂದರೆ ರಬ್ಬರ್ ಕಥೆ. ಮಂಜುಳಾ ಒಂಬತ್ತನೇ ಕ್ಲಾಸಿನ ಪರೀಕ್ಷೆಯ ದಿನ ಜ್ವರ ಅಂದಳು. "ರಬ್ಬರ್ ಕಥೆ ಬ್ಯಾಡ, ಎದ್ದು ಹೋಗು" ಅಂದ ಅವರಪ್ಪ, ಹಣೆ ಮುಟ್ಟಿ ಕೂಡ ನೋಡಲಿಲ್ಲ. ಅವಳು ಹೋದಳು. ಪರೀಕ್ಷೆಯ ಕೋಣೆಯಲ್ಲೇ ತಲೆ ತಿರುಗಿ ಬಿದ್ದಳು. ಕೃಷ್ಣಪ್ಪ ಕೆಟ್ಟವನಲ್ಲ. ಅವನ ಕೈಗೆ ಆ ಚೀಟಿ ಕೊಟ್ಟವನು ನಾನು, ಮಗಳನ್ನು ನಂಬಬೇಡ ಎಂದು ಕಲಿಸಿದವನು ನಾನು.

ಎರಡು ವರ್ಷದ ಮೇಲೆ ತಂತಿ ಬಿಚ್ಚಿದರು. ಹಲ್ಲುಗಳು ಸಾಲಾಗಿ ನಿಂತಿದ್ದವು, ನೋಡಲು ಎರಡು ಕಣ್ಣು ಸಾಲದು. ಆದರೆ ಅವಳು ನಗುವುದಾದರೆ ತುಟಿ ಮುಚ್ಚಿಕೊಂಡೇ. ನನ್ನ ಹತ್ತಿರ ಮರ್ಯಾದೆಯಿಂದಲೇ ಇದ್ದಳು, "ಊಟಕ್ಕೆ ಬಾ ತಾತ", "ಬಿಸ್ನೀರು ಐತೆ ತಾತ". ಒಂದು ದಿನವೂ ಆ ವಿಷಯ ಎತ್ತಲಿಲ್ಲ. ನನ್ನ ಕೈಯಿಂದ ಮಾತ್ರ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಡಲೆಕಾಯಿ ಸುಲಿದು ಕೊಟ್ಟರೂ "ಅಲ್ಲಿಡು ತಾತ" ಎನ್ನುತ್ತಿದ್ದಳು.

ಹಲ್ಲು ನಿಂತದ್ದು ಮಾತ್ರೆಯಿಂದಲೇ ಹೌದೋ ಅಲ್ಲವೋ, ಡಾಕ್ಟರಮ್ಮನಿಗೇ ಪೂರ್ತಿ ಗೊತ್ತಿರಲಿಲ್ಲ, ನನಗೆ ಹೇಗೆ ಗೊತ್ತಾದೀತು? ಅದನ್ನು ಹಿಡಿದುಕೊಂಡು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅವಳು ರಬ್ಬರು ಹಾಕಿಕೊಳ್ಳುತ್ತಿದ್ದಳು ಎಂಬುದು ಗೊತ್ತಿತ್ತು. ಅದರಲ್ಲಿ ಸಂದೇಹವೇ ಇರಲಿಲ್ಲ. ಸಮಾಧಾನ ಅಲ್ಲಿಗೆ ಬಂದು ನಿಂತುಬಿಡುತ್ತದೆ.

ಇವತ್ತು ಯಾಕೆ ಬರೆಯುತ್ತಿದ್ದೇನೆ ಎಂದರೆ — ಬೆಳಿಗ್ಗೆ ಕಾಗದ ಬಂದಾಗ ಕೃಷ್ಣಪ್ಪನಿಗೆ ವಾರದ ರಜೆ, ಮನೆಯಲ್ಲೇ ಇದ್ದ. ಅವನಿಗೂ ನೆಲದ ಮೇಲೆ ಕಾಲು ನಿಲ್ಲದಷ್ಟು ಸಂತೋಷ. ಅಕ್ಕಪಕ್ಕದವರೆಲ್ಲ ಸೇರಿದ್ದರು. ಕಾಗದವನ್ನು ಬೆಳಕಿಗೆ ಹಿಡಿದು, ನಗುತ್ತಾ ಮಗಳನ್ನು ಕೇಳಿದ — "ಏನಮ್ಮಿ, ಇದು ನಿಜವಾದ ಕಾಗ್ದಾನೇ ತಾನೆ? ರಬ್ಬರ್ ಕಥೆ ಅಲ್ವಲ್ಲ?" ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅಭ್ಯಾಸದಿಂದ. ಮಂಜುಳಾ ಇವತ್ತೊಂದು ದಿನ ಬಾಯಿ ತುಂಬ ನಗುತ್ತಿದ್ದವಳು ತುಟಿ ಮುಚ್ಚಿದಳು. ಕಾಗದವನ್ನು ಅವರಪ್ಪನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಅವಳ ಬದುಕಿನ ಅತಿ ದೊಡ್ಡ ದಿನದಲ್ಲೂ ನನ್ನ ಸುಳ್ಳು ಬಂದು ಕೂತಿತ್ತು. ನಾನು ಎಷ್ಟು ದಿನ ಇರುತ್ತೇನೋ. ನಾನು ಹೋದರೆ ಆ ಸುಳ್ಳು ಸತ್ಯವಾಗಿಯೇ ಉಳಿದುಬಿಡುತ್ತದೆ. ಮದುವೆಯಾಗಿ ಹೋದ ಮನೆಗೂ ಅದು ನಗುತ್ತಾ ಹೋಗುತ್ತದೆ. ಇಲ್ಲ. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳುತ್ತೇನೆ. ಬರೆದಿಟ್ಟರೆ ಹಿಂದೆ ಸರಿಯಲು ಆಗುವುದಿಲ್ಲ, ಅದಕ್ಕೇ ಈಗ ಬರೆಯುತ್ತಿರುವುದು.

ಇಲ್ಲಿಂದ ಮುಂದಿನದನ್ನು ಊಟವಾದ ಮೇಲೆ ಬರೆಯುತ್ತಿದ್ದೇನೆ.

ಸರೋಜ ಮುದ್ದೆ, ಅವರೆಕಾಳಿನ ಸಾರು, ಶಾವಿಗೆ ಪಾಯಸ ಮಾಡಿದ್ದಳು. ನಾಲ್ಕು ಜನವೂ ನಡುಮನೆಯಲ್ಲಿ ಕೂತೆವು. ಮೊದಲ ತುತ್ತಿಗೆ ಮುಂಚೆ ಹೇಳಬೇಕೆಂದಿದ್ದೆ, ಆಗಲಿಲ್ಲ. ಅರ್ಧ ಮುದ್ದೆ ಮುಗಿದ ಮೇಲೆ ಹೇಳಿದೆ. ಸಾರಿನಲ್ಲಿ ಅದ್ದಿದ ಕೈ ಹಾಗೇ ಇತ್ತು.

"ಕೃಷ್ಣಪ್ಪಾ, ಅವತ್ತು ರಬ್ಬರ್ ಹಾಕ್ಕೊಂಡಿದ್ಲು ಕಣ್ಲಾ ಮಂಜು. ದಿನಾ ಹಾಕ್ಕೊಂಡಿದ್ಲು, ನಾನು ನೋಡಿದೀನಿ. ಮಾತ್ರೆ ಕೊಟ್ಟು ಹಲ್ಲು ನಿಲ್ಸಿದೋನು ನಾನು. ಡಾಕ್ಟ್ರು ಕೇಳುದ್ರೆ ಇಲ್ಲ ಅಂದೆ."

ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಮಗುವಿನ ಬಾಯಿ ಕಟ್ಟಿದ್ದನ್ನೂ.

ಕೃಷ್ಣಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅವತ್ತು ನೀನು ಇಲ್ಲೇ ನಿಂತಿದ್ದೆ ಅಲ್ವೇನಪ್ಪಾ" ಅಂದ.

"ನಿಂತಿದ್ದೆ."

ಮಗಳ ಕಡೆ ತಿರುಗಿದ. ಧ್ವನಿ ಒಡೆದಿತ್ತು. "ನೀನಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ ಮಗಾ?"

"ಯಾರು ನಂಬ್ತಿದ್ರು ಅಪ್ಪಾ? ನೋಡ್ದೋರೇ ಸುಮ್ನಿದ್ರು."

ಇಷ್ಟೇ ಅಂದಳು. ಜೋರಾಗಿ ಅನ್ನಲಿಲ್ಲ. ಕೃಷ್ಣಪ್ಪ ಏಳಲು ಹೋದ. ಸರೋಜ ಅವನ ತೋಳು ಹಿಡಿದಳು. "ಯಾರೂ ಏಳ್ಬ್ಯಾಡಿ. ಇವತ್ತು ನನ್ನ ಮಗ್ಳ ಊಟ. ಉಣ್ರಿ ಎಲ್ಲಾರೂ."

ಅವನು ಕೂತ. ಈ ಮನೆಯಲ್ಲಿ ಒಂದು ದಿನವೂ ಬಡಿಸಿದವನಲ್ಲ. ಪಾಯಸದ ಪಾತ್ರೆ ಎಳೆದುಕೊಂಡು ಮಗಳ ತಟ್ಟೆಗೆ ಬಡಿಸಿದ. ಅಭ್ಯಾಸವಿಲ್ಲದ ಕೈ, ಅರ್ಧ ನೆಲಕ್ಕೆ ಚೆಲ್ಲಿತು. ಅವಳು ಬೇಡ ಅನ್ನಲಿಲ್ಲ. ನನ್ನ ಕಡೆ ನೋಡಲಿಲ್ಲ, ನೋಡು ಎಂದು ಕೇಳುವ ಹಕ್ಕು ನನಗಿಲ್ಲ. ಊರಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಗಂಟಲಿಗೆ ಅನ್ನ ಇಳಿಯಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಇಳಿಯಿತು. ಸರೋಜ ಎರಡನೆಯ ಸಲ ಹಾಕಿದ್ದನ್ನೂ ಉಂಡೆ. ನಾಲ್ಕು ಜನವೂ ತಟ್ಟೆ ಬರಿದಾಗುವವರೆಗೆ ಒಟ್ಟಿಗೆ ಕೂತು ಉಂಡೆವು.